ನನ್ನ ಪಾಲಿಗೆ ಬಂದ ಮೆಂಬರು

ದೂರದ ನಾಯಕರಿಗಾಗಿ ಪ್ರಾರ್ಥಿಸುವುದರಲ್ಲಿ ನನ್ನಷ್ಟು ಉದಾರಿ ಇನ್ನೊಬ್ಬನಿಲ್ಲ. ದೆಹಲಿಯಲ್ಲಿ ಕೂತವರ ಆತ್ಮ ರಕ್ಷಣೆ ಹೊಂದಲಿ ಎಂದು ಹೊಸಕೋಟೆಯ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತುಕೊಂಡೇ ಬೇಡಬಲ್ಲೆ. ಅವರು ನನಗೆ ಏನು ಮಾಡಿದ್ದಾರೆ? ನಮ್ಮ ಮನೆ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸುತ್ತೇನೆಂದು ಹೇಳಿ ಮರೆತವರು ಅವರಲ್ಲ. ತೊಂದರೆ ಶುರುವಾಗುವುದು ನಾಯಕ ಹತ್ತಿರದವನಾದಾಗ. ಅದರಲ್ಲೂ ಕಿಟಕಿಯಷ್ಟು ಹತ್ತಿರದವನಾದಾಗ.

ಅನುಗೊಂಡನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಪುಟ್ಟ ಚರ್ಚು. ಹೊಸ ವರ್ಷದ ಆರಾಧನೆಯಲ್ಲಿ ಪ್ರತಿ ಮನೆಯವರೂ ಬೈಬಲ್ಲಿನ ವಚನ ಬರೆದ ವಾಗ್ದಾನದ ಚೀಟಿ ಎತ್ತುವುದು ಹಳೆಯ ರೂಢಿ. ಈ ವರ್ಷ ನಮ್ಮ ಸಭಾಪಾಲಕರಾದ ಅಯ್ಯನವರು ಇನ್ನೊಂದು ಕಾಣಿಕೆ ಚೀಲ ತಂದರು. ಅದರ ತುಂಬ ಪ್ರಧಾನಿಯಿಂದ ಹಿಡಿದು ಗ್ರಾಮ ಪಂಚಾಯಿತಿ ಮೆಂಬರವರೆಗೆ ಅಧಿಕಾರದಲ್ಲಿರುವವರ ಹೆಸರುಗಳು. "ಇವರನ್ನೆಲ್ಲ ಟೀ ಅಂಗಡೀಲಿ ಬೈದಿದ್ದು ಸಾಕು. ಅವರಿಗೂ ಒಂದು ಆತ್ಮ ಇದೆ. ಯಾರ ಚೀಟಿ ಬಂತೋ ಅವರ ರಕ್ಷಣೆಗೆ ವರ್ಷಪೂರ್ತಿ ದಿನಾ ಪ್ರಾರ್ಥನೆ ಮಾಡಿ" ಎಂದರು. ನನ್ನ ಮುಂದಿದ್ದ ಸುಶೀಲಮ್ಮನವರಿಗೆ ಶಾಸಕರು ಬಂದರು. ನಾನು ಕೈ ಹಾಕಿದೆ. ಮುನಿರಾಜಣ್ಣ, ಮೆಂಬರ್, ನಮ್ಮ ವಾರ್ಡು.

ಬದಲಾಯಿಸಿಕೊಳ್ಳಬಹುದೇ ಎಂದು ಕೇಳಿದೆ. ಅಯ್ಯನವರು ನಕ್ಕರು. "ಸಾಮುವೇಲಪ್ಪಾ, ಹೆಸರು ನೋಡಿದ ತಕ್ಷಣ ನಿಮ್ಮ ಮುಖ ಹಿಂಡಿಕೊಳ್ತು. ಇದು ನಿಮಗೇ ಬರಬೇಕಾದ ಚೀಟಿ."

ಮುಖ ಹಿಂಡಿಕೊಳ್ಳಲು ಕಾರಣವಿತ್ತು. ನನ್ನ ಹೆಂಡತಿ ಕರುಣಾ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಅವಳ ಮಿಷನ್ನು ಬೀದಿ ಕಡೆಯ ಕಿಟಕಿಯ ಪಕ್ಕ. ಕಿಟಕಿಯಾಚೆ ಒಂದು ಕರೆಂಟು ಕಂಬ, ಒಂದು ನುಗ್ಗೆಮರ. ದೇವರು ಅವೆರಡನ್ನೂ ಫ್ಲೆಕ್ಸ್ ಕಟ್ಟುವ ಅಳತೆಗೇ ನಿಲ್ಲಿಸಿದ್ದಾನೆ. ಸಂಕ್ರಾಂತಿಗೆ ಮುನಿರಾಜಣ್ಣ, ಯುಗಾದಿಗೆ ಮುನಿರಾಜಣ್ಣ, ಅವರ ಹುಟ್ಟುಹಬ್ಬಕ್ಕಂತೂ ಡಬಲ್ ಮುನಿರಾಜಣ್ಣ. ಹಬ್ಬ ಹೋದರೂ ಹಬ್ಬದ ಶುಭಾಶಯ ಹೋಗುವುದಿಲ್ಲ. ಅವರ ಮೀಸೆಯ ಹಿಂದೆ ಸೂರ್ಯ ಮುಳುಗಿರುತ್ತಾನೆ. ಕರುಣಾ ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟ್ ಹಾಕಿಕೊಂಡು ಹುಕ್ಕು ಹಾಕುತ್ತಾಳೆ.

ಹೋದ ವರ್ಷದ ಹುಟ್ಟುಹಬ್ಬದ ಫ್ಲೆಕ್ಸು ಮೂರನೆಯ ದಿನ ಕಳಚಿಬಿತ್ತು. ನನ್ನ ನೆನಪಿನ ಪ್ರಕಾರ ಅವತ್ತು ಜೋರು ಗಾಳಿ. ಕರುಣಾಳ ಪ್ರಕಾರ ಎಲೆ ಅಲುಗಾಡುತ್ತಿರಲಿಲ್ಲ, ಅವಳ ಕತ್ತರಿ ಮಾತ್ರ ಜಾಗದಲ್ಲಿರಲಿಲ್ಲ. ನೆನಪಿನ ಬಗ್ಗೆ ನನಗೆ ನಂಬಿಕೆ ಹೋಗಿ ಬಹಳ ಕಾಲವಾಯಿತು. ಅದು ನನ್ನ ಮನೆಯ ಅನ್ನ ತಿಂದು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದ್ದರಿಂದ ಒಪ್ಪಿಕೊಳ್ಳುತ್ತೇನೆ: ಹಗ್ಗ ಕತ್ತರಿಸಿದ್ದು ನಾನು. ಗಾಳಿಯನ್ನು ಆಮೇಲೆ ಸೇರಿಸಿಕೊಂಡೆ.

ಮುನಿರಾಜಣ್ಣನಿಗೆ ಅನುಮಾನ ಬಂದಿದ್ದು ಚುನಾವಣೆಯಲ್ಲಿ ತನ್ನೆದುರು ನಿಂತು ಸೋತಿದ್ದ ಸ್ವಂತ ಷಡ್ಡಕನ ಮೇಲೆ. ಇಬ್ಬರೂ ಡೈರಿಯ ಮುಂದೆ ಜಗಳವಾಡಿ ಮಾತು ಬಿಟ್ಟರು. ಅವರ ಹೆಂಡತಿಯರು ಒಡಹುಟ್ಟಿದವರು. ಇಬ್ಬರೂ ಕರುಣಾಳ ಹತ್ತಿರವೇ ರವಿಕೆ ಹೊಲಿಸುವವರು. ಮೊದಲು ಜೊತೆಯಾಗಿ ಬಂದು ನಗುತ್ತ ಕೂರುತ್ತಿದ್ದವರು, ಆಮೇಲೆ ಒಬ್ಬಾಕೆ ಸೋಮವಾರ, ಒಬ್ಬಾಕೆ ಗುರುವಾರ ಬರತೊಡಗಿದರು. "ಅಕ್ಕ ಬಂದಿದ್ಲಾ? ಹೆಂಗವ್ಳೆ?" ಎಂದು ಚಿಕ್ಕವಳು ಅಳತೆ ಕೊಡುತ್ತ ಕೇಳಿದಾಗ ನಾನು ಹಿತ್ತಿಲಿಗೆ ಹೋಗುತ್ತಿದ್ದೆ. ಹಿತ್ತಿಲಲ್ಲಿ ನನಗೆ ಯಾವ ಕೆಲಸವೂ ಇರುತ್ತಿರಲಿಲ್ಲ.

ಇಂಥ ಮನುಷ್ಯ ಫ್ಯಾಕ್ಟರಿಯ ಬೆಳಗಿನ ಶಿಫ್ಟಿಗೆ ಮುಂಚೆ ಕಿಟಕಿಯ ಬಳಿ ಮಂಡಿಯೂರಿ ಮುನಿರಾಜಣ್ಣನ ಆತ್ಮದ ರಕ್ಷಣೆಗೆ ಬೇಡಬೇಕು. "ಕರ್ತನೇ, ನಿನ್ನ ಮಗನಾದ ಮುನಿರಾಜಣ್ಣ" ಎನ್ನುವಷ್ಟರಲ್ಲಿ ಗಂಟಲಿಗೆ ಹಗ್ಗ ಅಡ್ಡ ಬರುತ್ತಿತ್ತು. ಕಣ್ಣು ಬಿಟ್ಟರೆ ಎದುರಿಗೆ ಸಂಕ್ರಾಂತಿಯ ಮುನಿರಾಜಣ್ಣ, ಎರಡೂ ಕೈ ಮುಗಿದುಕೊಂಡು ನಗುತ್ತ ನಿಂತಿರುತ್ತಿದ್ದರು. ಯಾರು ಯಾರಿಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂಬುದೇ ತಿಳಿಯುತ್ತಿರಲಿಲ್ಲ. ಒಂದು ತಿಂಗಳಾದರೂ ನಾನು 'ಆಮೆನ್' ತಲುಪಲಿಲ್ಲ.

"ಅವ್ರ ರಕ್ಷಣೆ ಆಮೇಲೆ ನೋಡೋಣ. ಮೊದ್ಲು ಹೋಗಿ ಹೇಳ್ಬಿಟ್ಟು ಬನ್ನಿ" ಎಂದಳು ಕರುಣಾ. "ಅಕ್ಕತಂಗೀರು ಹಿಂಗೇ ಇರ್ಬೇಕಾ?"

ಮರುದಿನ ಬೆಳಿಗ್ಗೆ ಡೈರಿಯ ಮುಂದೆ ಮುನಿರಾಜಣ್ಣ ಹಾಲಿನ ಕ್ಯಾನು ಹಿಡಿದು ನಿಂತಿದ್ದರು.

"ಏನ್ ಸಾಮೇಲಣ್ಣ, ಚಪ್ಪಡಿ ವಿಷ್ಯಾನಾ?"

"ಅಲ್ಲ. ಹೋದ್ ವರ್ಷ ನಿಮ್ ಫ್ಲೆಕ್ಸ್ ಹಗ್ಗ ಕುಯ್ದಿದ್ದು ನಾನು."

ಅವರು ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟರು. "ಅದನ್ನ ಈಗ್ಯಾಕೆ ಹೇಳ್ತಿದೀಯ?"

"ನಮ್ ಚರ್ಚಲ್ಲಿ ನಿಮ್ ಹೆಸ್ರಿನ ಚೀಟಿ ನಂಗೆ ಬಂದೈತೆ. ನಿಮ್ ಆತ್ಮ ರಕ್ಷಣೆ ಆಗ್ಲಿ ಅಂತ ದಿನಾ ಕೇಳ್ಕೋಬೇಕು. ಇದನ್ನ ಬಚ್ಚಿಟ್ಕೊಂಡು ಕೇಳಕ್ಕಾಗ್ತಿಲ್ಲ."

"ದಿನಾನಾ?"

"ದಿನಾ."

"ಎಮ್ಮೆಲ್ಲೆ ಚೀಟಿ ಯಾರಿಗ್ ಬಂತು?"

"ಸುಶೀಲಮ್ಮಂಗೆ."

"ಆಯಮ್ಮ ದಿನಾ ಮಾಡ್ತದಾ?"

"ಮರೆತುಬಿಡ್ತಾರೆ. ವಾರಕ್ಕೊಂದ್ಸಲ ಆದ್ರೆ ಹೆಚ್ಚು."

ಮುನಿರಾಜಣ್ಣನ ಮುಖ ಫ್ಲೆಕ್ಸಿನಲ್ಲಿರುವುದಕ್ಕಿಂತ ಹೆಚ್ಚು ಬೆಳಗಿತು. "ಹಂಗಾದ್ರೆ ನಂದೇ ಜಾಸ್ತಿ" ಎಂದರು. ಆಮೇಲೆ ತಲೆ ಕೆರೆದುಕೊಂಡರು. "ಅಲ್ಲಾ ಗುರು, ನಮ್ ಷಡ್ಡಕನ್ನ ನಾನು ಬಾಯಿಗೆ ಬಂದಂಗೆ ಬೈದ್ಬಿಟ್ನಲ್ಲ. ನೀನ್ಯಾಕೆ ಕುಯ್ದೆ?"

"ಕರುಣಂಗೆ ಬೆಳಕು ಬರ್ತಿರ್ಲಿಲ್ಲ."

"ಅಷ್ಟೇನಾ? ಬಾಯ್ಬಿಟ್ಟು ಹೇಳಿದ್ರೆ ಪಕ್ಕಕ್ಕೆ ಕಟ್ಟಿಸ್ತಿದ್ದೆ. ಇನ್ಮೇಲೆ ನನ್ ಮುಖ ನಿಮ್ ಕಿಟಕಿಗೆ ಅಡ್ಡ ಬಂದ್ರೆ ಕೇಳು." ಎರಡು ಹೆಜ್ಜೆ ಹೋದವರು ತಿರುಗಿದರು. "ಹೇಳ್ಕೊಂಡ್ ಮೇಲೆ ಹಗುರಾಯ್ತಾ?"

"ಆಯ್ತು."

"ನೋಡು ಮತ್ತೆ. ಕೇಳ್ಕೊಂಡಿದ್ದು ನನ್ಗೆ, ಸಿಕ್ಕಿದ್ದು ನಿನ್ಗೆ. ನಾಳೆಯಿಂದ ನಂದು ಸರಿಯಾಗಿ ಕೇಳು."

ಅವತ್ತೇ ಸಂಜೆ ಅವರು ಷಡ್ಡಕನ ಮನೆಗೆ ಹೋದರಂತೆ. ಮುಂದಿನ ಸೋಮವಾರ ಅಕ್ಕತಂಗಿಯರು ಜೊತೆಯಾಗಿ ನಮ್ಮ ಮನೆಗೆ ಬಂದು, ಒಂದೇ ಬಣ್ಣದ ಎರಡು ರವಿಕೆ ಬಟ್ಟೆ ಕೊಟ್ಟು, ನನ್ನ ಮುಖ ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಹಿತ್ತಿಲಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮುನಿರಾಜಣ್ಣನ ರಕ್ಷಣೆಗಾಗಿ ಪೂರಾ ಮನಸ್ಸಿನಿಂದ ಬೇಡಿಕೊಂಡೆ. ಮೊದಲ ಸಲ ಆಮೆನ್ ತಾನಾಗಿ ಬಂತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯುಗಾದಿ ಬಂತು. ಅದಕ್ಕೆ ಹತ್ತು ದಿನ ಮುಂಚೆ ಮುನಿರಾಜಣ್ಣ ನನ್ನದೊಂದು ಫೋಟೋ ಕೇಳಿದ್ದರು. ಯಾಕೆಂದು ಗೊತ್ತಿಲ್ಲದೆ ಕಳಿಸಿದೆ ಎಂಬುದು ನನ್ನ ನೆನಪು. ಗೊತ್ತಿದ್ದೇ ಕ್ರಿಸ್ಮಸ್ಸಿನ ಶರ್ಟು ತೊಟ್ಟು ಹೊಸದಾಗಿ ತೆಗೆಸಿಕೊಂಡೆ ಎಂಬುದು ಕರುಣಾಳ ನೆನಪು. ಹಬ್ಬದ ಹಿಂದಿನ ದಿನ ಫ್ಲೆಕ್ಸು ಏರಿತು. ಮುನಿರಾಜಣ್ಣ ಮಾತಿಗೆ ತಪ್ಪಲಿಲ್ಲ. ಅವರ ಮುಖ ಕಿಟಕಿ ಬಿಟ್ಟು ನಾಲ್ಕು ಅಡಿ ಪಕ್ಕಕ್ಕೆ ಸರಿದಿತ್ತು. ಕಿಟಕಿಗೆ ಸರಿಯಾಗಿ ಬಂದಿದ್ದು ಶುಭ ಕೋರುವವರ ಮೂಲೆ. ಅಲ್ಲಿ ಷಡ್ಡಕನ ಪಕ್ಕದಲ್ಲಿ, ಗುಂಡನೆಯ ಚೌಕಟ್ಟಿನೊಳಗೆ, ಕೈ ಮುಗಿದುಕೊಂಡು ನಾನು.

ಕರುಣಾ ಬಹಳ ಹೊತ್ತು ನೋಡಿದಳು. "ಅವ್ರಿದ್ದಾಗ ಇಷ್ಟು ಕತ್ತಲೆ ಇರ್ಲಿಲ್ಲ" ಎಂದು ಟ್ಯೂಬ್‌ಲೈಟ್ ಹಾಕಿದಳು.

ಮೂರನೆಯ ದಿನ ಶಿಫ್ಟು ಮುಗಿಸಿ ಬಂದಾಗ ಫ್ಲೆಕ್ಸಿನ ಆ ಮೂಲೆಯೊಂದು ಮಾತ್ರ ಕಳಚಿ, ನಾನು ತಲೆಕೆಳಗಾಗಿ ಚರಂಡಿಯ ಕಡೆಗೆ ಜೋತುಬಿದ್ದಿದ್ದೆ. ಒಳಗೆ ಮಿಷನ್ನಿನ ಮೇಲೆ ಒಳ್ಳೆಯ ಬಿಸಿಲು ಬಿದ್ದಿತ್ತು. ಏನಾಯಿತೆಂದು ಕೇಳಿದೆ.

ಕರುಣಾ ತಲೆಯೆತ್ತದೆ ದಾರ ಕತ್ತರಿಸಿದಳು.

"ಗಾಳಿ" ಎಂದಳು.