ಸೇವಂತಿ ಅರಳಿದರೆ ಅತ್ತೆಗೆ ಸಿಟ್ಟು

ನಮ್ಮ ಅತ್ತೆಯವರಿಗೆ ಬೇಸಿಗೆಯಲ್ಲಿ ಸಿಟ್ಟೇ ಬರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಸೋಲಾಪುರದ ಬೇಸಿಗೆಯಲ್ಲಿ ಸಿಟ್ಟು ಬಾರದ ಮನುಷ್ಯರಿದ್ದಾರೆಯೆ? ಆಟೋದವರು, ಕಂಡಕ್ಟರು, ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರು, ಎಲ್ಲರೂ ಕಾದ ಹಂಚು. ನಮ್ಮ ಅತ್ತೆ ಮಾತ್ರ ಆಗ ಬೀಸಣಿಗೆ ಹಿಡಿದು ತಣ್ಣಗೆ ಕೂತಿರುತ್ತಾರೆ. ಅವರ ಸಿಟ್ಟು ಶುರುವಾಗುವುದು ದೀಪಾವಳಿ ಮುಗಿದು ಊರೆಲ್ಲ ಚಾದರ ಹೊದ್ದುಕೊಂಡ ಮೇಲೆ. ಯಾಕೆಂದರೆ ಆಗ ನಮ್ಮ ಅಂಗಳದಲ್ಲಿ ಸೇವಂತಿ ಅರಳುತ್ತದೆ.

ಅಕ್ಕಲಕೋಟ ರಸ್ತೆಯ ಕಡೆಗಿರುವ ನಮ್ಮ ಮನೆಗೆ ಅಂಗಳವೆಂಬುದು ಇರುವುದೇ ಎರಡು ಮಂಚ ಹಾಕುವಷ್ಟು. ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಅತ್ತೆ ಅಷ್ಟರಲ್ಲೇ ಹಳದಿ ಸೇವಂತಿ, ಬಿಳಿ ಸೇವಂತಿ, ಡೇಲಿಯಾ, ನೀಲಿ ಕೋರಂಟಿ ಎಲ್ಲವನ್ನೂ ತುರುಕಿದ್ದಾರೆ. ಬಕೆಟ್ಟು ಒಡೆದರೆ ಕುಂಡ. ಪೇಂಟಿನ ಡಬ್ಬಿ ಖಾಲಿಯಾದರೆ ಕುಂಡ. ನನ್ನ ಮದುವೆಯಲ್ಲಿ ಉಡುಗೊರೆ ಬಂದ ಕುಕ್ಕರು ಕೆಡುವ ಮೊದಲೇ ಕುಂಡವಾಯಿತು. ಕೇಳಿದರೆ, "ಅದರ ಸೀಟಿ ಸರಿ ಇರಲಿಲ್ಲ" ಎಂದರು. ಸೀಟಿ ಸರಿಯಾಗಿಯೇ ಇತ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಗಿಡಗಳ ಜೊತೆ ಮಾತಾಡಿದರೆ ಚೆನ್ನಾಗಿ ಬೆಳೆಯುತ್ತವೆ ಎನ್ನುತ್ತಾರಲ್ಲ, ಅತ್ತೆ ಮಾತಾಡುವುದಿಲ್ಲ, ಬೈಯುತ್ತಾರೆ. ಔಷಧಿ ನುಂಗದ ರೋಗಿಗಳನ್ನು ಗದರಿಸಿ ಪಳಗಿದ ಗಂಟಲು ಅದು. ಒಂದು ಬೆಳಗ್ಗೆ ಡೇಲಿಯಾದ ಮುಂದೆ ನಿಂತು, "ನಾಚಿಕಿ ಬರಂಗಿಲ್ಲೇನು ನಿನಗ? ತಗೊಳ್ಳೂದು ಅಷ್ಟು, ಕೊಡೂದು ಇಷ್ಟು. ಸುಧಾರಿಸದಿದ್ರ ನಾಳಿಗಿ ಕಿತ್ತಿ ಒಗೀತೀನಿ ನೋಡು" ಎಂದು ಕೂಗಿದರು. ಗೇಟಿನ ಹೊರಗೆ ಹಾಲಿನವನು ಕ್ಯಾನು ಹಿಡಿದು ನಿಂತಿದ್ದ. ಮರುದಿನದಿಂದ ನಮಗೆ ನೀರಿಲ್ಲದ ಹಾಲು ಬರತೊಡಗಿತು. ಡೇಲಿಯಾ ಮಾತ್ರ ಸುಧಾರಿಸಲಿಲ್ಲ.

ಆದರೆ ಅವರ ನಿಜವಾದ ವೈರಿಗಳೆಂದರೆ ಬೆಳಗಿನ ಹೊತ್ತು ಆರೋಗ್ಯಕ್ಕಾಗಿ ನಡೆಯುತ್ತ ಪರರ ಹೂವು ಕೀಳುವ ಭಕ್ತರು. ಮಫ್ಲರು ಸುತ್ತಿಕೊಂಡ ಒಬ್ಬ ಸಾಹೇಬರು ಕೊಡೆ ಹಿಡಿದು ಬರುತ್ತಿದ್ದರು. ಮಳೆಗಾಲದಲ್ಲೇ ಕೊಡೆ ಬಿಚ್ಚದ ಈ ಊರಿನಲ್ಲಿ ಚಳಿಗಾಲಕ್ಕೆ ಕೊಡೆ ಯಾಕೆ? ಅದರ ಕೊಕ್ಕೆಯಿಂದ ಅಂಗಳದ ಗೋಡೆಯೊಳಗಿನ ಕೋರಂಟಿ ಟೊಂಗೆ ಎಳೆಯಲಿಕ್ಕೆ! ಒಂದು ದಿನ ಅತ್ತೆ ಒಳಗಿನಿಂದ ಆ ಕೊಕ್ಕೆಯನ್ನೇ ಹಿಡಿದುಕೊಂಡರು. ಗೋಡೆಯ ಆಚೆ ಈಚೆ ಇಬ್ಬರೂ ಎಳೆದಾಡಿದರು.

"ದೇವಾಸಾಠಿ ಹೋ, ಆಜಿ" ಎಂದರು ಸಾಹೇಬರು, ದೇವರಿಗಾಗಿ ಎಂದು ಮರಾಠಿಯಲ್ಲಿ.

"ದೇವರು ಹೇಳ್ಯಾನೇನು, ಆ ಮನಿಂದ ಕದ್ದು ತಾ ಅಂತ? ಹೇಳಿದ್ರ ಅವನ್ನೂ ಕರಕೊಂಡು ಬರ್ರಿ. ಇಬ್ಬರಿಗೂ ಕೂಡೇ ಕೇಳತೀನಿ."

ಸಾಹೇಬರು ಕೊಡೆ ಬಿಟ್ಟು ಹೋದರು. ಈಗ ಅದರ ಮೇಲೆ ಅವರೆಬಳ್ಳಿ ಹಬ್ಬಿದೆ.

ಎದುರು ಮನೆಯ ಕಾಕು, ಎಂದರೆ ಓಣಿಗೆಲ್ಲ ಚಿಕ್ಕಮ್ಮ, ಮಾತ್ರ ಕೊಡೆ ಗಿಡೆ ತರುವವರಲ್ಲ. ಗೇಟು ತೆರೆದು ಸೀದಾ ಒಳಗೆ ಬಂದು ಪ್ಲಾಸ್ಟಿಕ್ ಚೀಲದ ತುಂಬ ಸೇವಂತಿ ಕಿತ್ತುಕೊಂಡು ಹೋಗುತ್ತಿದ್ದರು. ಅತ್ತೆ ಅವರಿಗೆ ಏನೂ ಅನ್ನುತ್ತಿರಲಿಲ್ಲ. "ಚಹಾ ಕುಡದು ಹೋಗ್ರಿ" ಎಂದಷ್ಟೇ ಕರೆಯುವರು. ಕಾಕುವಿಗೆ ಒಂದು ದಿನ ಉಪವಾಸ, ಒಂದು ದಿನ ಪಿತ್ತ, ಇನ್ನೊಂದು ದಿನ ಈಗಷ್ಟೇ ಕುಡಿದು ಬಂದದ್ದು. ಅತ್ತೆಯವರದು ತಡವಳ ಹಳ್ಳಿಯ, ಬೌದ್ಧರಾದ ದಲಿತರ ಕುಟುಂಬವೆಂದು ಓಣಿಗೆಲ್ಲ ಗೊತ್ತು. ಕಾಕುವಿನ ಪಿತ್ತ ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತು.

ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಕಾಕು ಚೀಲ ತುಂಬಿಕೊಂಡು ಹೊರಟಾಗ ಅತ್ತೆ ಗೇಟಿಗೆ ಅಡ್ಡ ನಿಂತರು. ಡೇಲಿಯಾಕ್ಕೆ ಬೈಯುವ ಗಂಟಲು ಅದಾಗಿರಲಿಲ್ಲ. ದನಿ ತೀರ ಸಣ್ಣಗಿತ್ತು.

"ಕಾಕು, ನಮ್ಮ ಮನಿ ನೀರು ಕುಡದ ಸೇವಂತಿ ನಿಮ್ಮ ದೇವರಿಗಿ ನಡೀತದ. ಅದೇ ನೀರಿನ ಚಹಾ ನಿಮಗ್ಯಾಕ ನಡಿಯಂಗಿಲ್ಲ?"

"ಹಂಗೇನಿಲ್ಲ ಬಾಯಿ, ಇವತ್ತ ಗುರುವಾರ..."

"ಗುರುವಾರ ಮುಗೀಲಿ. ಶುಕ್ರವಾರ ಬಂದು ಮೊದಲ ಚಹಾ ಕುಡೀರಿ, ಆಮ್ಯಾಲ ಬೇಕಾದಷ್ಟು ಒಯ್ರಿ. ಚಹಾ ಬ್ಯಾಡಾದ್ರ ಹೂವೂ ಬ್ಯಾಡ."

ಕಾಕು ಚೀಲವನ್ನು ಕಟ್ಟೆಯ ಮೇಲಿಟ್ಟು ಹೋದರು. ಶುಕ್ರವಾರ ಬರಲಿಲ್ಲ. ಇಂದಿಗೂ ಬಂದಿಲ್ಲ. ಅತ್ತೆ ಚೀಲದ ಹೂವುಗಳನ್ನೆಲ್ಲ ಒಂದೊಂದಾಗಿ ತೆಗೆದು ನೀರಿನ ಬಟ್ಟಲಿಗೆ ಹಾಕಿದರು.

ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದೆ. ನಾನು ಪೇಟೆಯ ವ್ಯಾಪಾರಿ ಮನೆತನದವಳು. ಅತ್ತೆಯವರ ಮಗನನ್ನು ಮೆಚ್ಚಿ ಮದುವೆಯಾದವಳು. ನನ್ನ ಅವ್ವ ಆಮೇಲೆ ಎಷ್ಟೋ ಸಲ ಈ ಮನೆಗೆ ಬಂದಿದ್ದಳು. ಬಂದಾಗೆಲ್ಲ ಅವಳೂ ಈಗಷ್ಟೇ ಚಹಾ ಕುಡಿದು ಬಂದಿರುತ್ತಿದ್ದಳು.

ಅತ್ತೆ ಒಳಗೆ ಬಂದವರು ನನ್ನ ಮುಖ ನೋಡಿ ನಿಂತರು. "ನಾ ನಿಮ್ಮ ಅವ್ವಗ ಅಂದಿಲ್ಲ ಮತ್ತ. ಮನಸಿಗಿ ಹಚಗೋಬ್ಯಾಡ" ಎಂದರು.

ಆಗ ಬಂತು ನೋಡಿ ನನಗೆ ಸಿಟ್ಟು. ಅವರ ಮೇಲಲ್ಲ. ಅಲ್ಲೇ ನಿಂತು ಅವ್ವನಿಗೆ ಫೋನು ಹಚ್ಚಿದೆ. "ಅವ್ವಾ, ಐತವಾರ ಬಾ. ಹೊಟ್ಟಿ ಖಾಲಿ ಇಟಗೊಂಡು ಬಾ. ಕುಡದ ಬಂದೀನಿ ಅನ್ನೂದಿದ್ರ ಇನ್ನ ಈ ಮನಿಗಿ ಬರಬ್ಯಾಡ."

"ಹಡದವ್ವಗ ಹಿಂಗ ಮಾತಾಡ್ತಾರೇನು?" ಎಂದು ಅತ್ತೆ ನನಗೇ ಬೈದರು.

ಐತವಾರ ಅವ್ವ ಬಂದಳು. ಕುರ್ಚಿಯ ಅಂಚಿಗೆ ಕೂತಳು. ಅತ್ತೆ ಚಹಾ ತಂದಿಟ್ಟು ಸೆರಗಿನ ತುದಿ ತಿರುವುತ್ತ ನಿಂತರು. ಅವ್ವ ಚಹಾವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎತ್ತಿ ಕುಡಿದಳು, ತಳ ಕಾಣುವವರೆಗೆ.

"ಇನ್ನೊಂದೀಟು ಹಾಕಲ್ರಿ?" ಅತ್ತೆ ಕೇಳಿದರು.

"ಹಾಕ್ರಿ. ಚಲೋ ಆಗ್ಯಾದ."

ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದ ಅತ್ತೆ ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದೆ. ಒಲೆಯ ಮೇಲೆ ಚಹಾ ಉಕ್ಕಿ ಸುರಿಯುತ್ತಿತ್ತು. ಅತ್ತೆ ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಕಪ್ಪು ಎಲ್ಲಿಟ್ಟೀಯವ್ವಾ, ಸಿಗವಲ್ದು" ಎಂದರು, ತಿರುಗದೆ.

ಕಪ್ಪು ಅವರ ಕೈಯಲ್ಲೇ ಇತ್ತು. ನಾನು ಇನ್ನೊಂದನ್ನು ತೆಗೆದುಕೊಟ್ಟೆ.