ಪುಟರಾಯರ ಪ್ರೋಗ್ರಾಮಿಗೆ ನಿವೃತ್ತಿ

ಕರಪತ್ರ, ಆಮಂತ್ರಣಗಳ ಪುಟ ಜೋಡಿಸುವ ಕಸುಬಿನಿಂದಾಗಿ ಬೀದಿಯವರ ಬಾಯಲ್ಲಿ ಪುಟರಾಯರೆಂದೇ ಆಗಿಹೋಗಿದ್ದ ರಾಯರಿಗೆ ಆ ಸೋಮವಾರ ಬೆಳಿಗ್ಗೆ ಕಂಪ್ಯೂಟರಿನಿಂದಲೇ ಸಿಡಿಲು ಬಡಿಯಿತು. ಇಪ್ಪತ್ತೆರಡು ವರ್ಷಗಳಿಂದ ಮನೆಯ ಮುಂದಿನ ಕೋಣೆಯಲ್ಲಿ ಅವರಿಗೆ ಅನ್ನ ಹಾಕಿದ ಪ್ರೋಗ್ರಾಂ ತೆರೆಯುತ್ತಲೇ ಒಂದು ಚೌಕ ಮೂಡಿತು: “ಈ ಪ್ರೋಗ್ರಾಂ ಮುಂದಿನ ತಿಂಗಳ ಕೊನೆಗೆ ನಿವೃತ್ತಿಯಾಗಲಿದೆ. ಆಮೇಲೆ ಇದರ ಫೈಲುಗಳು ತೆರೆಯುವುದಿಲ್ಲ. ಈಗಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ.”

ಕೆಳಗೆ ‘ಸರಿ’ ಎಂಬ ಒಂದೇ ಗುಂಡಿ. (‘ಸರಿಯಲ್ಲ’ ಎಂಬ ಗುಂಡಿ ಇರಲಿಲ್ಲ. ಮದುವೆಯಾದವರಿಗೆ ಇದು ಹೊಸದೇನಲ್ಲ.)

“ಬಾರೇ ಇಲ್ಲಿ! ಇವನು ರಿಟೈರ್ ಆಗ್ತಾನಂತೆ!”

“ಯಾರು, ನಿಮ್ಮ ತಮ್ಮನಾ?” ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದರು. ಮೂವತ್ತು ವರ್ಷ ಎರಡನೇ ತರಗತಿಗೆ ಪಾಠ ಹೇಳಿ ಹೋದ ವರ್ಷವಷ್ಟೇ ನಿವೃತ್ತರಾದವರು. ಶಾಲೆ ಬಿಟ್ಟಿದ್ದರೂ ಪಾಠ ಬಿಟ್ಟಿರಲಿಲ್ಲ. ಪರದೆ ಓದಿದರು, ಗಂಡನ ಮುಖ ನೋಡಿದರು. “ನಾನು ರಿಟೈರ್ ಆದಾಗ ನಿಮ್ಮ ಕಣ್ಣಲ್ಲಿ ಒಂದು ಹನಿ ಬರ್ಲಿಲ್ಲ. ಈಗ ನೋಡಿ, ಕೊಡ ಇಡ್ಬಹುದು. ಎಷ್ಟು ಫೈಲಿದೆ?”

“ಸಾವಿರದ ಎಂಟುನೂರ ನಲವತ್ತು.”

“ನಲವತ್ತು ದಿನ ಇದೆ. ದಿನಕ್ಕೆ ನಲವತ್ತಾರು. ತೆರೀರಿ, ಪಿಡಿಎಫ್ ಮಾಡಿ, ಮುಚ್ಚಿ. ಮಧ್ಯೆ ಕನಸು ಕಾಣೋ ಹಾಗಿಲ್ಲ.”

ರಾಯರ ಗಿರಾಕಿಗಳೆಲ್ಲ “ಹೋದ ವರ್ಷದ್ದನ್ನೇ ಸ್ವಲ್ಪ ತಿದ್ದಿಕೊಡಿ” ಎಂದು ಬರುವವರು. ಹಳೆಯ ಫೈಲು ಹೋದರೆ ಕಸುಬೇ ಹೋದಂತೆ. ಇದು ರಾಯರಿಗೆ ಚೆನ್ನಾಗಿ ಗೊತ್ತಿತ್ತು. ಟೊಂಕ ಕಟ್ಟಿ ಕೂತು ಮೊದಲ ಫೈಲು ತೆರೆದರು.

“ಹಸಿರು ಗಿಣಿ ಕಳೆದಿದೆ. ‘ಯಾರದು?’ ಎಂದು ಕೇಳುತ್ತದೆ. ಸಿಕ್ಕರೆ ದಯವಿಟ್ಟು ಉತ್ತರ ಕೊಡಿ.”

ಖಾಲಿ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಇದೇ ಕೋಣೆಯಲ್ಲಿ ಕೂತಿದ್ದ ಮುದುಕಿ ನೆನಪಾದಳು. ಗಿಣಿ ಸಿಕ್ಕಿತೋ ಇಲ್ಲವೋ ಹೇಳಲು ಆಕೆ ತಿರುಗಿ ಬರಲೇ ಇಲ್ಲ. ಕಿಟಕಿಯ ಬಿಸಿಲು ಕೀಬೋರ್ಡಿನ ಮೇಲೆ ಒಂದೊಂದೇ ಅಕ್ಷರ ದಾಟಿ ಹೋಯಿತು. ಫ್ಯಾನಿನ ಸದ್ದು ಮೆಲ್ಲಗೆ ರೆಕ್ಕೆಯ ಸದ್ದಾಯಿತು. ರಾಯರು ಎದ್ದು ಎದುರಿನ ಮರದಲ್ಲಿ ಹುಡುಕಿದರು. ಎಲೆಗಳೆಲ್ಲ ಗಿಣಿಯ ಬಣ್ಣದವೇ. ಯಾವುದನ್ನು ಅಂತ ಕರೆಯುವುದು?

ಮಾರನೆಯ ದಿನ ಈಜುಕೊಳದ ಫಲಕ ತೆರೆದುಕೊಂಡಿತು: “ಆಳ ಹನ್ನೆರಡು ಅಡಿ. ಆತುರ ಬೇಡ.” ಅಂಚಿಗೆ ತಾವೇ ಹಾಕಿದ್ದ ನೀಲಿ ಅಲೆಗಳನ್ನು ನೋಡುತ್ತಾ ನೋಡುತ್ತಾ ಕೋಣೆಯೇ ತಂಪಾಯಿತು. ಈಜಲು ಬಾರದ ರಾಯರು ಊಟದ ಹೊತ್ತಿನವರೆಗೂ ಅಂಗಾತ ತೇಲಿದರು. ಫಲಕದ ಆಜ್ಞೆಯಂತೆ ಆತುರವನ್ನಂತೂ ಪಡಲಿಲ್ಲ.

ಹದಿನೈದು ದಿನ ಕಳೆದಾಗ ಹೆಂಡತಿ ತಪಾಸಣೆಗೆ ಬಂದರು.

“ಎಷ್ಟಾಯ್ತು?”

“ಹತ್ತೊಂಬತ್ತು.”

“ಇವತ್ತಾ?”

“ಒಟ್ಟು... ನೋಡೇ, ಇವು ಬರೀ ಫೈಲುಗಳಲ್ಲ. ಒಂದೊಂದೂ ಒಂದೊಂದು ಜೀವಮಾನ!”

“ಈ ಲೆಕ್ಕದಲ್ಲಿ ನಿಮ್ಮ ಜೀವಮಾನ ಸಾಲಲ್ಲ. ಜರುಗಿ.”

ರಾಯರು ಜರುಗಲಿಲ್ಲ. ಜರುಗಿಸಲ್ಪಟ್ಟರು. ಚಕ್ರದ ಕುರ್ಚಿಯ ಸಮೇತ ಅವರನ್ನು ಕಿಟಕಿಯ ಬಳಿಗೆ ತಳ್ಳಿ, ಊಟದ ಮೇಜಿನ ಕುರ್ಚಿ ಎಳೆದುಕೊಂಡು ಹೆಂಡತಿ ಕೂತರು. ಮೌಸ್ ಟಪ ಟಪ ಅನ್ನತೊಡಗಿತು. ಆ ಸದ್ದು ರಾಯರಿಗೆ ದೂರದ ಯಾವುದೋ ಹಳೆಯ ಮುದ್ರಣಾಲಯದ್ದೆಂಬಂತೆ ಹಿತವಾಗಿ ಕೇಳಿತು. ಮರ ನೋಡುತ್ತಾ, ಮೋಡ ಎಣಿಸುತ್ತಾ, ಕಣ್ಣು ಬಿಟ್ಟುಕೊಂಡೇ ಒಂಬತ್ತು ಮಧ್ಯಾಹ್ನ ನಿದ್ದೆ ಮಾಡಿದರು. ಎಂಥಾ ಪುಣ್ಯವಂತ ನಾನು, ಎಂಥಾ ಹೆಂಡತಿ, ಎಂದು ನಡುನಡುವೆ ಕಣ್ಣು ತುಂಬಿಯೂ ಬಂತು.

ಹತ್ತನೆಯ ಮಧ್ಯಾಹ್ನ ಟಪ ಟಪ ನಿಂತಿತು. ಆಮೇಲೆ ಪ್ರಿಂಟರ್ ಗೊರಗುಟ್ಟಿತು, ಪೆನ್ನು ಕಾಗದದ ಮೇಲೆ ಸರಸರ ಓಡಿತು.

“ಎಲ್ಲಾ ಮುಗೀತೇನೇ?” ಎಂದರು ರಾಯರು, ಜೇನಿನಂಥ ದನಿಯಲ್ಲಿ.

“ಮುಗೀತು. ಕೊನೇದೊಂದು ಸ್ವಾರಸ್ಯವಾಗಿದೆ.”

ಕೈಗೆ ಬಂದ ಹಾಳೆಯಲ್ಲಿ ಎರಡು ಕಾಲಂ, ಸುತ್ತ ಬಳ್ಳಿಯ ಅಂಚು, ಮೇಲೆ ದಪ್ಪಕ್ಷರದ ಶೀರ್ಷಿಕೆ: “ಹೆಂಡತಿಗೆ ಹೇಳಬೇಕಾದ ಹದಿನೇಳು ಮಾತುಗಳು.” ಕಸುಬು ಶುರುಮಾಡಿದ ವರ್ಷ, ಕಾಲಂ ಮಾಡುವುದನ್ನು ಕಲಿತ ಹುಮ್ಮಸ್ಸಿನಲ್ಲಿ, ಹೇಳಲು ಧೈರ್ಯವಿಲ್ಲದ್ದನ್ನೆಲ್ಲ ಪುಟದಲ್ಲಿ ಕೂರಿಸಿಟ್ಟು ಮರೆತಿದ್ದ ಫೈಲು! ಹಾಳೆಯ ತುಂಬ ಕೆಂಪು ಶಾಯಿ.

ರಾಯರು ಕನಸಿನಿಂದ ದೊಪ್ಪನೆ ಬಿದ್ದರು. “ಅದು ಹಾಗಲ್ಲ ಕಣೇ, ಅಭ್ಯಾಸಕ್ಕೆ ಅಂತ...”

“ಎಲ್ಲೆಲ್ಲಿ ಮಹಾಪ್ರಾಣ ಬೇಕೋ ಅಲ್ಲೆಲ್ಲ ಪ್ರಾಣ ತೆಗೆದಿದೀರಿ! ‘ಕಠೋರ’ಕ್ಕೆ ಬರೀ ಟ ಹಾಕಿದೀರಿ. ಹೆಂಡತೀನ ಬಯ್ಯೋದನ್ನಾದ್ರೂ ತಪ್ಪಿಲ್ಲದೆ ಬಯ್ಬಾರ್ದಾ? ಹದಿನೇಳಕ್ಕೆ ಐದು ಅಂಕ.”

ಹೊಸ ಪ್ರೋಗ್ರಾಂ ಆಗಲೇ ಪರದೆಯ ಮೇಲೆ ಬೆಳ್ಳಗೆ ತೆರೆದುಕೊಂಡಿತ್ತು. ಹೆಂಡತಿ ಕುರ್ಚಿಯನ್ನು ರಾಯರ ಸಮೇತ ಎಳೆದು ಅದರ ಮುಂದೆ ನಿಲ್ಲಿಸಿದರು.

“ಇದನ್ನ ಹೊಸದರಲ್ಲಿ ಮತ್ತೆ ಕೂರಿಸಿ. ನಾನು ಓದ್ತೀನಿ, ನೀವು ಬರೀರಿ. ಮೊದಲನೇದು: ‘ನನ್ನ ಹೆಂಡತಿ ನನಗೆ ಬಾಯಿ ಬಿಡಲು ಅವಕಾಶವನ್ನೇ ಕೊಡುವುದಿಲ್ಲ.’”

“ಅಲ್ಲ ಕಣೇ...”

“ಮಾತಾಡ್ಬೇಡಿ. ಟೈಪ್ ಮಾಡಿ.”

ರಾಯರು ಟೈಪ್ ಮಾಡಿದರು.