ಅಸಲಿ ಪಿಡಿಎಫ್ ಮತ್ತು ಮಗಳ ಲಗ್ನಪತ್ರಿಕೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಮಗಳ ಲಗ್ನಪತ್ರಿಕೆಯ ಕರಡು ಆನ್‌ಲೈನ್‌ನಲ್ಲಿತ್ತು. ಬರೆದವಳು ನನ್ನ ಹೆಂಡತಿ ಗಿರಿಜಾ. ನಮ್ಮಲ್ಲಿ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಹುಡುಗಿಯ ಸೋದರಮಾವ ಒಪ್ಪಬೇಕು. ಹಸೆಮಣೆಗೆ ಅವಳನ್ನು ಕೈಹಿಡಿದು ತರುವವರು ಅವರೇ. ಅವರು ಮುನಿಸಿಕೊಂಡರೆ ಮದುವೆ ನಿಂತ ಹಾಗೆ! ಗಿರಿಜಾಳ ಅಣ್ಣ, ಮಾಡದಕೆರೆಯ ತಿಪ್ಪೇಸ್ವಾಮಿಯವರು, ಹಿಂದೊಂದು ಮದುವೆಯ ಪತ್ರಿಕೆಯಲ್ಲಿ ತಮ್ಮ ಹೆಸರು ಎರಡನೇ ಸಾಲಿಗೆ ಇಳಿಯಿತೆಂದು ಊಟದ ಎಲೆ ಬಿಟ್ಟು ಎದ್ದವರು.

ಯಾರ ಹೆಸರು ಎಲ್ಲಿ ಬರಬೇಕು, ಯಾರನ್ನು ಹೇಗೆ ನೋಡಿಕೊಳ್ಳಬೇಕೆಂದು ಮರೆಯದಿರಲು ಗಿರಿಜಾ ಪ್ರತಿ ಹೆಸರಿನ ಪಕ್ಕ ಟಿಪ್ಪಣಿ ಬರೆದುಕೊಂಡಿದ್ದಳು.

"ಟಿಪ್ಪಣಿ ನಾನು ಅಳಿಸ್ತೀನಿ. ಆಮೇಲೆ ನೀವು ಪಿಡಿಎಫ್ ಮಾಡಿ ಕಳಿಸ್ರಿ. ಬರುತ್ತೇನ್ರಿ?"

"ಏನಂತ ಕೇಳ್ತೀಯಲೇ!" ಎಂದೆ.

ಅಭ್ಯಾಸಕ್ಕೆಂದು ಆಗಲೇ ಫೋನಿನಲ್ಲಿ ಒಮ್ಮೆ ಮಾಡಿ ನೋಡಿದೆ. 'ಮುದ್ರಿಸು' ಎಂದಿತ್ತು. ಮನೆಯಲ್ಲಿ ಪ್ರಿಂಟರೇ ಇಲ್ಲ! ಕಣ್ಣು ಮುಚ್ಚಿ ಒತ್ತಿದೆ. ಒಳಗೆ 'ಪಿಡಿಎಫ್ ಆಗಿ ಉಳಿಸಿ' ಎಂದು ಬಂತು. ಉಳಿಸಿದೆ. ಉಳಿಯಿತು! ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ನೆರೆಮನೆಯ ಶಾರದಮ್ಮನಿಗೆ ಕೂಗಿ ಹೇಳಿದೆ.

"ಪಿಡಿಎಫ್ ಆಯ್ತು ಕಣ್ರೀ!"

"ಅಯ್ಯೋ, ಯಾವ ಡಾಕ್ಟ್ರಿಗೆ ತೋರಿಸಿದ್ರಿ?"

ಅರ್ಧ ಗಂಟೆಯ ನಂತರ ಗಿರಿಜಾ, "ಅಳಿಸಾಯ್ತು, ಈಗ ಮಾಡ್ರಿ" ಎಂದಳು. ಮತ್ತೆ ಉಳಿಸಿದೆ. ಈಗ ಫೋನಿನಲ್ಲಿ ಎರಡು ಕಡತ. ಒಂದು 'ಲಗ್ನಪತ್ರಿಕೆ', ಇನ್ನೊಂದು 'ಲಗ್ನಪತ್ರಿಕೆ (1)'. ಮೂವತ್ತು ವರ್ಷ ಕಚೇರಿಯ ದಾಖಲೆ ವಿಭಾಗದಲ್ಲಿ ಕೂತು ಎದ್ದವನು ನಾನು. ನಂಬರ್ ಹಾಕುವುದು ನಕಲಿಗೆ. ಆದ್ದರಿಂದ ನಂಬರ್ ಇಲ್ಲದ ಅಸಲಿಯನ್ನೇ ನೆಂಟರ ವಾಟ್ಸಾಪ್ ಗುಂಪಿಗೆ ಕಳಿಸಿದೆ.

'ಶುಭೋದಯ'ಕ್ಕೂ ಹತ್ತು ಜನ ಕೈಮುಗಿಯುವ ಗುಂಪು. ಅಂದು ಒಬ್ಬರೂ ಮಿಸುಕಲಿಲ್ಲ. ಕೊನೆಗೆ ಬಿ.ದುರ್ಗದ ಚಿಕ್ಕಪ್ಪನ ಧ್ವನಿ ಸಂದೇಶ ಬಂತು.

"ಲೇ, ನಾನು ಎರಡು ಪಂಕ್ತೀಲಿ ಉಣ್ಣೋದು ಪತ್ರಿಕೇಲಿ ಯಾಕಪ್ಪ ಬೇಕು?"

ಕಡತ ತೆರೆದೆ. ಮೊದಲ ಸಾಲು: 'ತಿಪ್ಪೇಸ್ವಾಮಿ. ದಪ್ಪಕ್ಷರ. ಸಣ್ಣದಾದ್ರೆ ಕುಣೀತಾನೆ.'

ತಕ್ಷಣ ಸಂದೇಶ ಅಳಿಸಿದೆ. ಫೋನು ಎರಡು ದಾರಿ ತೋರಿಸಿತ್ತು: ಎಲ್ಲರಿಗೂ ಅಳಿಸು, ನನಗೆ ಮಾತ್ರ ಅಳಿಸು. ಅವಸರದಲ್ಲಿ ಎರಡನೆಯದನ್ನು ಒತ್ತಿದೆ. ಈಗ ಆ ಸಂದೇಶ ಕಾಣದವನು ಇಡೀ ಗುಂಪಿನಲ್ಲಿ ನಾನೊಬ್ಬನೇ!

ಫೋನು ಬಡಿದುಕೊಂಡಿತು. ತಿಪ್ಪೇಸ್ವಾಮಿಯವರು!

"ಭಾವ, ಕುಣೀತಾನೆ ಅಂತ ಬರೆದೀರಿ."

"ಅದು... ನಿಮ್ಮ ತಂಗಿ..."

"ಓದಿದ ತಕ್ಷಣ ಬರೋದಿಲ್ಲ ಅನ್ನಾಕೇ ಹೊರಟಿದ್ದೆ. ಅಷ್ಟರಾಗೆ ಕೊನೇ ಸಾಲು ಕಾಣಿಸ್ತು. ನಕ್ಕು ನಕ್ಕು ಸಿಟ್ಟೆಲ್ಲ ಹೋತು. ಬರ್ತೀನಿ ಬಿಡ್ರಿ, ಹುಡುಗಿ ಕೈ ನಾನೇ ಹಿಡೀತೀನಿ. ನಿಮ್ಮ ಹೆಸರಿನ ಪಕ್ಕ ಏನೈತೆ, ನೋಡೀರಾ?"

ನೋಡಿರಲಿಲ್ಲ. ಫೋನಿನಲ್ಲಿ ಉಳಿಸಿದ್ದ ಕಡತವನ್ನು ಮತ್ತೆ ತೆರೆದು ಕೊನೆಯ ಸಾಲಿಗೆ ಹೋದೆ.

'ಹುಡುಗಿಯ ತಂದೆ. ಇವರಿಗೆ ಯಾವ ಕೆಲಸವನ್ನೂ ಹೇಳಬಾರದು.'

ಪತ್ರಿಕೆಯಲ್ಲಿ ಎಲ್ಲ ನೆಂಟರೂ ತಕರಾರಿಲ್ಲದೆ ಒಪ್ಪಿದ ಸಾಲು ಅದೊಂದೇ ಅಂತೆ!